ಹಳೆ ಸೆಟ್‌ಗೆ ಕ್ರಿಸ್ಟಲ್ ತರಿಸುವಾಗ

ಮಂಗಳೂರು-ಉಡುಪಿ ಕಡೆಯ ಹ್ಯಾಮ್ (ಹವ್ಯಾಸಿ ರೇಡಿಯೋ) ಮಿತ್ರರೇ, ಹಳೆ ಎರಡು ಮೀಟರ್ (145 ಮೆಗಾಹರ್ಟ್ಸ್ ಸುತ್ತಿನ) ಎಫ್‌ಎಂ ಸೆಟ್‌ಗೆ ಕ್ರಿಸ್ಟಲ್, ಅಂದರೆ ಚಾನೆಲ್‌ನ ಫ್ರೀಕ್ವೆನ್ಸಿ ನಿರ್ಧರಿಸುವ ಕ್ವಾರ್ಟ್ಸ್ ಕಲ್ಲು, ತರಿಸುವಾಗ ಮೊದಲೇ ದರ ಕೇಳಬೇಡಿ. ಸೆಟ್‌ನ ಮಾಡೆಲ್, ಲೋಡ್ ಕೆಪಾಸಿಟೆನ್ಸ್ (ಸರ್ಕ್ಯೂಟ್ ಕ್ರಿಸ್ಟಲ್‌ಗೆ ಒಡ್ಡುವ ಕೆಪಾಸಿಟೆನ್ಸ್, ಪಿಎಫ್ ಅಂದರೆ ಪಿಕೋಫ್ಯಾರಡ್ ಲೆಕ್ಕದಲ್ಲಿ) ಕೇಳದೆ ಆರ್ಡರ್ ತಗೊಳ್ಳುವವರನ್ನು ಬಿಟ್ಟುಬಿಡಿ. 20 ಪಿಎಫ್‌ಗೆ ಮಾಡಿದ್ದನ್ನು 32 ಪಿಎಫ್ ಸರ್ಕ್ಯೂಟ್‌ಗೆ ಹಾಕಿದರೆ ಫ್ರೀಕ್ವೆನ್ಸಿ ಕೆಳಗಿಳಿಯುತ್ತೆ, ಫ್ರೀಕ್ವೆನ್ಸಿ ಸ್ವಲ್ಪ ಸರಿಪಡಿಸುವ ಟ್ರಿಮ್ಮರ್ ಎಷ್ಟು ತಿರುಗಿಸಿದರೂ ಚಾನೆಲ್‌ಗೆ ಬರೋದು ಕಷ್ಟ. ಕ್ರಿಸ್ಟಲ್ ಫ್ರೀಕ್ವೆನ್ಸಿಯನ್ನು 12 ಪಟ್ಟು ಗುಣಿಸುವ ಸೆಟ್‌ನಲ್ಲಿ 145.500ರಲ್ಲಿ ಟ್ರಾನ್ಸ್‌ಮಿಟ್ ಮಾಡಲು ಬೇಕಾದ್ದು 12.125 ಮೆಗಾಹರ್ಟ್ಸ್, ಅಲ್ಲಿ 500 ಹರ್ಟ್ಸ್ ತಪ್ಪಿದರೆ ಆಂಟೆನಾದಲ್ಲಿ 6 ಕಿಲೋಹರ್ಟ್ಸ್! ರಿಸೀವ್ ಕ್ರಿಸ್ಟಲ್‌ನ ಲೆಕ್ಕ ಬೇರೆ: ಹಲವು ಸೆಟ್‌ಗಳಲ್ಲಿ 145.500ರಿಂದ 10.7 ಐಎಫ್ (ರಿಸೀವರ್ ಒಳಗಿನ ಮಧ್ಯಂತರ ಫ್ರೀಕ್ವೆನ್ಸಿ) ಕಳೆದು 3ರಿಂದ ಭಾಗಿಸಬೇಕು, ಅಂದರೆ 44.9333. ಒಂದು ಚಾನೆಲ್‌ಗೆ ಎರಡು ಕಲ್ಲು! ಗುಂಡಿ ಒತ್ತಿ ಫ್ರೀಕ್ವೆನ್ಸಿ ಹಾಕುವ ಈಗಿನವರಿಗೆ ಇದು ಹುಚ್ಚು ಅನ್ನಿಸಬಹುದು, ಅನ್ನಿಸಲಿ ಬಿಡಿ. ಕ್ರಿಸ್ಟಲ್‌ನ ಕವಚ ಎಚ್‌ಸಿ-25 ಪಿನ್ನಿನದೋ, ಎಚ್‌ಸಿ-18 ತಂತಿಯದೋ ಅಂತ ಬರೆದು ಕೊಡಿ. ಮತ್ತೆ, ನಮ್ಮ ಕಡಲ ಗಾಳಿಗೆ ಸಾಕೆಟ್ ಕಿಲುಬು ಹಿಡಿದಿರುತ್ತೆ. ಹೊಸ ಕ್ರಿಸ್ಟಲ್ ಸತ್ತಿದೆ ಅಂತ ಬೈಯುವ ಮುಂಚೆ ಸಾಕೆಟ್ ಉಜ್ಜಿ ನೋಡಿ.