ಆಮ್‌ಸ್ಟೆಲ್‌ವೀನ್‌ನಲ್ಲಿ ತಪ್ಪಿದ ಸ್ಟ್ರೋಕ್, ಕ್ವಾಲಾಲಂಪುರದಲ್ಲಿ ಸಿಕ್ಕ ಕಪ್

ಪುರುಷರ ಹಾಕಿ ವಿಶ್ವಕಪ್ಪನ್ನು ಭಾರತ ಗೆದ್ದಿರುವುದು ಒಂದೇ ಒಂದು ಸಲ, 1975ರಲ್ಲಿ. ಆ ಗೆಲುವಿನ ಮಾತು ಬಂದಾಗಲೆಲ್ಲ ಅಶೋಕ್ ಕುಮಾರ್ ಹೊಡೆದ ಗೋಲಿನಿಂದಲೇ ಕತೆ ಶುರುವಾಗುತ್ತದೆ. ನನಗೆ ಮಾತ್ರ ಅದನ್ನು ಎರಡು ವರ್ಷ ಹಿಂದಿನಿಂದ, 1973ರ ಸೆಪ್ಟೆಂಬರ್ 2ರಂದು ನೆದರ್ಲೆಂಡ್ಸ್‌ನ ಆಮ್‌ಸ್ಟೆಲ್‌ವೀನ್‌ನಲ್ಲಿ ನಡೆದ ಫೈನಲ್‌ನಿಂದ, ಹೇಳಿದರೇ ಸರಿಯೆನಿಸುತ್ತದೆ. ಕಾಲೇಜಿನ ದಿನಗಳಲ್ಲಿ ನಾನು ಗೋಲ್‌ಕೀಪರ್ ಆಗಿದ್ದುದೂ ಇದಕ್ಕೆ ಕಾರಣವಿರಬಹುದು. ಗೋಲು ಹೊಡೆದವರು ಕುಣಿಯುತ್ತ ತಮ್ಮವರ ಕಡೆಗೆ ಓಡಿಹೋಗುತ್ತಾರೆ. ಹೊಡೆಯಲಾಗದೆ ನಿಂತವರ ಮುಖ ಮಾತ್ರ ಕೀಪರನಿಗೆ ತೀರ ಹತ್ತಿರದಿಂದ ಕಾಣುತ್ತದೆ.

ವಿಶ್ವಕಪ್ ಆಗ ಇನ್ನೂ ಎಳೆಯ ಪಂದ್ಯಾವಳಿ. ಪಾಕಿಸ್ತಾನದ ಏರ್ ಮಾರ್ಷಲ್ ನೂರ್ ಖಾನ್ ಮುಂದಿಟ್ಟ ಯೋಚನೆ ಅದು. ಮೊದಲ ಪಂದ್ಯಾವಳಿ ಅವರ ದೇಶದಲ್ಲೇ ನಡೆಯಬೇಕಿತ್ತಾದರೂ, ಭಾರತ, ಪಾಕಿಸ್ತಾನಗಳ ನಡುವಿನ ಸಂಬಂಧ ಆ ವರ್ಷ ಹದಗೆಟ್ಟಿದ್ದರಿಂದ, 1971ರಲ್ಲಿ ಬಾರ್ಸಿಲೋನಾಕ್ಕೆ ಸ್ಥಳಾಂತರವಾಯಿತು. ಅಲ್ಲಿ ಸೆಮಿಫೈನಲ್‌ನಲ್ಲಿ ಪಾಕಿಸ್ತಾನಕ್ಕೆ 2–1ರಿಂದ ಸೋತ ಭಾರತ ಮೂರನೆಯ ಸ್ಥಾನಕ್ಕೆ ತೃಪ್ತಿಪಟ್ಟುಕೊಂಡಿತು.

1973ರ ತಂಡದ ನಾಯಕರು ಕೊಡಗಿನ ಎಂ.ಪಿ. ಗಣೇಶ್. ಮುಂಪಡೆಯಲ್ಲಿದ್ದ ಬಿ.ಪಿ. ಗೋವಿಂದ ಕೂಡ ಕೊಡಗಿನವರೇ, ಸೋಮವಾರಪೇಟೆಯವರು. ಆಗ ಅವರಿಗೆ ಇಪ್ಪತ್ತೆರಡು ವರ್ಷ. ಸೆಮಿಫೈನಲ್‌ನಲ್ಲಿ ಪಾಕಿಸ್ತಾನವನ್ನು 1–0ರಿಂದ ಸೋಲಿಸಿ ಹಿಂದಿನ ಲೆಕ್ಕ ಚುಕ್ತಾ ಮಾಡಿದ ಭಾರತ, ಫೈನಲ್‌ನ ಆರಂಭದಲ್ಲೇ ಪೆನಾಲ್ಟಿ ಕಾರ್ನರ್‌ಗಳಿಂದ ಸುರ್ಜಿತ್ ಸಿಂಗ್ ಹೊಡೆದ ಎರಡು ಗೋಲುಗಳ ಮುನ್ನಡೆ ಪಡೆಯಿತು. ತಮ್ಮ ನೆಲದಲ್ಲಿ, ತಮ್ಮವರ ಮುಂದೆ ಆಡುತ್ತಿದ್ದ ಡಚ್ಚರು ಅಷ್ಟಕ್ಕೆ ಬಿಡಲಿಲ್ಲ, 2–2 ಆಯಿತು. ಮೊದಲು ಗೋಲು ಹೊಡೆದವರೇ ಗೆದ್ದಂತೆ ಎಂಬ ಸಡನ್ ಡೆತ್ ನಿಯಮದ ಹೆಚ್ಚುವರಿ ಅವಧಿಯಲ್ಲಿ ಭಾರತಕ್ಕೆ ಒಂದು ಪೆನಾಲ್ಟಿ ಸ್ಟ್ರೋಕ್ ಸಿಕ್ಕಿತು. ಚೆಂಡು ಗೋಲುಗೆರೆ ದಾಟಿದ್ದರೆ ಅಲ್ಲಿಗೆ ಪಂದ್ಯ ಮುಗಿದು ಕಪ್ ನಮ್ಮದಾಗುತ್ತಿತ್ತು. ಸ್ಟ್ರೋಕ್ ತೆಗೆದುಕೊಂಡವರು ಗೋವಿಂದ. ಎದುರಿಗಿದ್ದ ಕೀಪರ್ ಮಾರ್ಟನ್ ಸಿಕಿಂಗ್. ಗೋಲಾಗಲಿಲ್ಲ. ಕೊನೆಗೆ ಟೈಬ್ರೇಕರ್‌ನಲ್ಲಿ 4–2ರಿಂದ ನೆದರ್ಲೆಂಡ್ಸ್ ಗೆದ್ದಿತು.

ಸ್ಟ್ರೋಕ್ ಎಂದರೆ ಖಚಿತ ಗೋಲು ಎಂದು ಗ್ಯಾಲರಿಯಲ್ಲಿ ಕುಳಿತವರು ತಿಳಿಯುತ್ತಾರೆ. ಗೋಲಿನೊಳಗೆ ನಿಂತವನ ಅನುಭವ ಬೇರೆ. ಚೆಂಡಿಗೂ ನಮಗೂ ನಡುವೆ ಇರುವುದು ಆರು ಮೀಟರಿಗಿಂತ ತುಸು ಹೆಚ್ಚು ದೂರ. ಸ್ಟಿಕ್ಕನ್ನು ಹಿಂದಕ್ಕೆ ಬೀಸಿ ಹೊಡೆಯುವಂತಿಲ್ಲ, ತಳ್ಳಬೇಕು ಇಲ್ಲವೇ ಎತ್ತಿ ಫ್ಲಿಕ್ ಮಾಡಬೇಕು. ಚೆಂಡು ಸ್ಟಿಕ್ ಬಿಡುವವರೆಗೆ ಕೀಪರ್ ಕಾಲು ಕದಲಿಸುವಂತಿಲ್ಲ. ಅಂಪೈರ್ ಇಬ್ಬರೂ ಸಿದ್ಧರೇ ಎಂದು ನೋಡಿಕೊಂಡು ಶಿಳ್ಳೆ ಊದುತ್ತಾರೆ. ಆ ಶಿಳ್ಳೆಗೂ ಚೆಂಡಿಗೂ ನಡುವಿನ ಕ್ಷಣದಲ್ಲಿ ಕೀಪರ್ ಮಾಡಬಹುದಾದದ್ದು ಒಂದೇ: ಊಹೆ. ಮೈಸೂರಿನಲ್ಲಿ ನಡೆದ ಒಂದು ಅಂತರ ಕಾಲೇಜು ಪಂದ್ಯದಲ್ಲಿ ನಾನು ಒಂದು ಸ್ಟ್ರೋಕ್ ತಡೆದೆ. ತಡೆದೆ ಎಂದು ನಮ್ಮ ಹುಡುಗರು ಹೆಗಲ ಮೇಲೆ ಎತ್ತಿಕೊಂಡರೂ, ನಿಜವೇನೆಂದರೆ ನಾನು ಹಾರಿದ್ದು ಬಲಕ್ಕೆ, ಚೆಂಡು ಬಂದದ್ದು ಎಡಕ್ಕೆ. ಹಿಂದೆ ಉಳಿದಿದ್ದ ಎಡಗಾಲಿನ ಪ್ಯಾಡಿನ ಅಂಚಿಗೆ ಅದು ತಾನಾಗಿಯೇ ಬಡಿದು ಹೊರಹೋಯಿತು. ಆ ಹುಡುಗ ಅಲ್ಲೇ ಕುಕ್ಕರಗಾಲಲ್ಲಿ ಕುಳಿತು, ಸ್ಟಿಕ್ಕಿನ ಕೊಕ್ಕೆಗೆ ಮೆತ್ತಿದ್ದ ಕೆಮ್ಮಣ್ಣನ್ನು ಹೆಬ್ಬೆರಳಿನಿಂದ ಬಹಳ ಹೊತ್ತು ಒರೆಸುತ್ತಿದ್ದ. ಅವನ ಹೆಸರು ಮರೆತಿದೆ, ಆ ಹೆಬ್ಬೆರಳು ಮರೆತಿಲ್ಲ. ಗೋವಿಂದರ ಆ ಸ್ಟ್ರೋಕನ್ನು ಯಾರಾದರೂ ಅಪರಾಧವೆಂಬಂತೆ ಹೇಳಿದಾಗ ನನಗೆ ಸಿಟ್ಟು ಬರುವುದು ಈ ಕಾರಣಕ್ಕೆ.

ಈಗ ಕ್ವಾಲಾಲಂಪುರ. 1975ರ ಮಾರ್ಚ್‌ನಲ್ಲಿ ಹನ್ನೆರಡು ತಂಡಗಳ ಮೂರನೆಯ ವಿಶ್ವಕಪ್‌ಗೆ ಹೋದ ಭಾರತ ತಂಡದ ನಾಯಕ ಅಜಿತ್‌ಪಾಲ್ ಸಿಂಗ್. ಮಾರ್ಗದರ್ಶಕರಾಗಿ ಜೊತೆಯಲ್ಲಿದ್ದವರು ಮೂರು ಒಲಿಂಪಿಕ್ ಚಿನ್ನ ಗೆದ್ದ ಬಲ್ಬೀರ್ ಸಿಂಗ್ ಸೀನಿಯರ್. ಗೋವಿಂದ ತಂಡದಲ್ಲಿದ್ದರು. ನನ್ನ ಮಟ್ಟಿಗೆ ಇಡೀ ಕತೆಯಲ್ಲಿ ಮುಖ್ಯವಾದ ವಾಕ್ಯ ಅದೇ. ಒಂದು ಸ್ಟ್ರೋಕ್ ತಪ್ಪಿದ್ದಕ್ಕೆ ಆಟಗಾರನನ್ನು ಮನೆಗೆ ಕಳಿಸುವ ಬುದ್ಧಿ ಆ ಆಯ್ಕೆಗಾರರಿಗೆ ಇರಲಿಲ್ಲ. ಪಿ.ಇ. ಕಾಳಯ್ಯ ಅವರೂ ಆ ತಂಡದಲ್ಲಿದ್ದರು ಎಂಬುದನ್ನು ಕರ್ನಾಟಕದವರು ನೆನಪಿಟ್ಟುಕೊಂಡಂತಿಲ್ಲ.

ಗುಂಪಿನ ಪಂದ್ಯಗಳು ನೇರವಾಗಿ ಸಾಗಲಿಲ್ಲ. ಇಂಗ್ಲೆಂಡನ್ನು 2–1ರಿಂದ, ಘಾನಾವನ್ನು 7–0ಯಿಂದ ಸೋಲಿಸಿ, ಆಸ್ಟ್ರೇಲಿಯಾ ಜೊತೆ 1–1ರ ಡ್ರಾ ಮಾಡಿಕೊಂಡ ತಂಡ, ಯಾರೂ ಲೆಕ್ಕಕ್ಕೆ ಇಟ್ಟಿರದ ಅರ್ಜೆಂಟೀನಾಕ್ಕೆ 2–1ರಿಂದ ಸೋತಿತು. ಆ ಪೆಟ್ಟಿನಿಂದ ಎದ್ದು ಪಶ್ಚಿಮ ಜರ್ಮನಿಯನ್ನು 3–1ರಿಂದ ಮಣಿಸಿದ ಮೇಲೆಯೇ ಸೆಮಿಫೈನಲ್ ದಾರಿ ತೆರೆಯಿತು. ಅಲ್ಲಿ ಆತಿಥೇಯ ಮಲೇಷ್ಯಾ, ಮೈದಾನದ ತುಂಬ ಅವರದೇ ಜನ, ಪಂದ್ಯ ಮುಗಿಯಲು ಕೆಲವೇ ನಿಮಿಷ ಉಳಿದಿರುವಾಗ 2–1ರ ಮುನ್ನಡೆಯೂ ಅವರದೇ. ಆಗ ಬೆಂಚಿನಲ್ಲಿ ಕುಳಿತಿದ್ದ ಅಸ್ಲಂ ಶೇರ್ ಖಾನ್ ಅವರನ್ನು ಮೈಕೆಲ್ ಕಿಂಡೋ ಬದಲು ಒಳಗೆ ಕಳಿಸಲಾಯಿತು. ಕೊರಳಲ್ಲಿದ್ದ ತಾಯತಕ್ಕೆ ಮುತ್ತಿಟ್ಟು ಅವರು ಪೆನಾಲ್ಟಿ ಕಾರ್ನರ್ ಹೊಡೆದರು, ಸಮಬಲ. ಹೆಚ್ಚುವರಿ ಅವಧಿಯಲ್ಲಿ ಹರಚರಣ್ ಸಿಂಗ್ ಗೆಲುವಿನ ಗೋಲು ಹೊಡೆದರು. ಮೈ ಬಿಸಿಯಾಗದೆ ಬೆಂಚಿನಿಂದ ಎದ್ದು ಬಂದು, ಮೊದಲ ಹೊಡೆತದಲ್ಲೇ ದೇಶದ ಭಾರ ಹೊರುವುದು ಎಂಥ ಕೆಲಸವೆಂದು ಎರಡನೆಯ ಕೀಪರ್ ಆಗಿ ಒಂದು ವರ್ಷ ಬೆಂಚು ಕಾಯಿಸಿದ ನನಗೆ ಸ್ವಲ್ಪ ಗೊತ್ತು.

ಮಾರ್ಚ್ 15ರಂದು ಮರ್ಡೆಕಾ ಕ್ರೀಡಾಂಗಣದಲ್ಲಿ ಫೈನಲ್, ಎದುರಾಳಿ ಪಾಕಿಸ್ತಾನ. ಮೊದಲ ಗೋಲು ಅವರ ಜಾಹಿದ್ ಶೇಖ್ ಅವರದು. ವಿರಾಮದ ನಂತರ ಸುರ್ಜಿತ್ ಸಿಂಗ್ ಮತ್ತೊಮ್ಮೆ ಪೆನಾಲ್ಟಿ ಕಾರ್ನರ್‌ನಿಂದ ಸಮ ಮಾಡಿದರು. ಬಳಿಕ 51ನೆಯ ನಿಮಿಷದಲ್ಲಿ ಧ್ಯಾನ್‌ಚಂದ್ ಅವರ ಮಗ ಅಶೋಕ್ ಕುಮಾರ್ ಹೊಡೆದ ಚೆಂಡು ಗೋಲುಕಂಬದ ಒಳಮೂಲೆಗೆ ಬಡಿದು ಹೊರಕ್ಕೆ ಪುಟಿಯಿತು. ಗೋಲೇ ಅಲ್ಲ ಎಂದು ಪಾಕಿಸ್ತಾನದವರು ವಾದಿಸಿದರು. ಮಲೇಷ್ಯಾದ ಅಂಪೈರ್ ವಿಜಯನಾಥನ್ ಗೋಲು ಎಂದರು. ಚೆಂಡು ಗೆರೆಯ ಒಳಗೆ ಇದ್ದದ್ದು ಕಣ್ಣು ಮಿಟುಕಿಸುವಷ್ಟು ಹೊತ್ತು. ವಿಡಿಯೊ ತೀರ್ಪು ಎಂಬುದೇ ಇಲ್ಲದ ಕಾಲದಲ್ಲಿ ಅಷ್ಟನ್ನು ಕಂಡು, ಕಂಡದ್ದಕ್ಕೆ ಗಟ್ಟಿಯಾಗಿ ನಿಂತ ಆ ಅಂಪೈರರ ಧೈರ್ಯವನ್ನು ನಾನು ಗೋಲಿನಷ್ಟೇ ಮೆಚ್ಚುತ್ತೇನೆ. 2–1. ಕಪ್ ಬಂದಿತು.

ಅನಂತರದ್ದು ಬೇಗ ಹೇಳಿ ಮುಗಿಸಬಹುದಾದ ಕತೆ. 1978ರಲ್ಲಿ ಆರನೆಯ ಸ್ಥಾನ, 1982ರಲ್ಲಿ ಮುಂಬೈನಲ್ಲಿ ನಮ್ಮವರ ಮುಂದೆಯೇ ಐದನೆಯದು, 1986ರಲ್ಲಿ ಲಂಡನ್ನಿನಲ್ಲಿ ಹನ್ನೆರಡನೆಯದು, ಅಂದರೆ ಕಟ್ಟಕಡೆಯದು. 1975ರ ನಂತರ ಭಾರತ ವಿಶ್ವಕಪ್ ಸೆಮಿಫೈನಲ್ ಕಂಡಿಲ್ಲ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಿಂದ ಬಂದ ಕೃತಕ ಹುಲ್ಲೇ ಇದಕ್ಕೆಲ್ಲ ಕಾರಣ ಎನ್ನುವುದು ರೂಢಿ. ಅರ್ಧ ನಿಜ. ಆ ನೆಲದ ಮೇಲೆ ಚೆಂಡು ಓಡುವ ವೇಗಕ್ಕೆ ಯುರೋಪಿನವರು, ಆಸ್ಟ್ರೇಲಿಯಾದವರು ತಮ್ಮ ಆಟವನ್ನು ಬದಲಿಸಿಕೊಂಡರು. ಊರೂರಿಗೆ ಟರ್ಫ್ ಹಾಕಿದರು. ನಾನಂತೂ ಕಾಲೇಜು ಮುಗಿಸುವವರೆಗೆ ಆಡಿದ್ದು ಮಣ್ಣಿನ ಮೇಲೆಯೇ, ಮಳೆ ಬಂದರೆ ಕೆಸರಿನ ಮೇಲೆ.

2023ರ ಜನವರಿ 22ರ ರಾತ್ರಿ ಭುವನೇಶ್ವರದ ಪಂದ್ಯವನ್ನು ಟಿವಿಯಲ್ಲಿ ನೋಡುತ್ತಿದ್ದಾಗ ನನಗೆ ಆಮ್‌ಸ್ಟೆಲ್‌ವೀನ್ ನೆನಪಾಗದೆ ಇರಲಿಲ್ಲ. ಕ್ವಾರ್ಟರ್‌ಫೈನಲ್‌ಗೆ ಮುಂಚಿನ ಪಂದ್ಯದಲ್ಲಿ ನ್ಯೂಜಿಲೆಂಡ್ ವಿರುದ್ಧ 3–1ರಿಂದ ಮುಂದಿದ್ದ ಭಾರತ, 3–3 ಆದಮೇಲೆ ಶೂಟೌಟ್‌ಗೆ ಹೋಗಿ, ಸಡನ್ ಡೆತ್‌ನಲ್ಲಿ ಸೋತಿತು. ಸ್ಟ್ರೋಕ್‌ಗಳ ಟೈಬ್ರೇಕರ್ ಹೋಗಿ ಬಂದಿರುವ ಈ ಶೂಟೌಟ್‌ನಲ್ಲಿ ಆಟಗಾರ 23 ಮೀಟರ್ ಗೆರೆಯಿಂದ ಚೆಂಡು ತಂದು ಎಂಟು ಸೆಕೆಂಡಿನೊಳಗೆ ಗೋಲು ಹೊಡೆಯಬೇಕು; ಕೀಪರ್ ಮುಂದೆ ನುಗ್ಗಿ ಬರಬಹುದು. ಊಹೆಯ ಜಾಗದಲ್ಲಿ ಕೈಕಾಲಿಗೆ ಕೆಲಸ ಕೊಡುವ ಈ ನಿಯಮ ಕೀಪರನಿಗೆ ಹೆಚ್ಚು ನ್ಯಾಯವಾದದ್ದು ಎಂಬುದು ನನ್ನ ಅಭಿಪ್ರಾಯ. ಆ ರಾತ್ರಿ ಒಂದರ ಮೇಲೊಂದು ತಡೆಯುತ್ತಿದ್ದ ಶ್ರೀಜೇಶ್ ನಡುವೆಯೇ ಗಾಯಗೊಂಡು ಹೊರನಡೆದರು. ಕೃಷ್ಣ ಪಾಠಕ್ ಒಳಗೆ ಬಂದರು. ಮತ್ತೆ ಬೆಂಚಿನಿಂದ ಎದ್ದು ಬಂದ ಒಬ್ಬ ಆಟಗಾರ, ಈ ಸಲ ತಾಯತ ಕೆಲಸ ಮಾಡಲಿಲ್ಲ.

2025ರ ಸೆಪ್ಟೆಂಬರ್‌ನಲ್ಲಿ ರಾಜ್‌ಗೀರ್‌ನಲ್ಲಿ ಕೊರಿಯಾವನ್ನು 4–1ರಿಂದ ಸೋಲಿಸಿ ಏಷ್ಯಾ ಕಪ್ ಗೆದ್ದ ಭಾರತ, 2026ರ ಆಗಸ್ಟ್‌ಗೆ ನಿಗದಿಯಾದ ವಿಶ್ವಕಪ್‌ಗೆ ಅರ್ಹತೆ ಪಡೆದಿದೆ. ಆತಿಥೇಯರು ಬೆಲ್ಜಿಯಂ ಮತ್ತು ನೆದರ್ಲೆಂಡ್ಸ್. ಒಂದು ಮೈದಾನ ಅದೇ ಆಮ್‌ಸ್ಟೆಲ್‌ವೀನ್‌ನ ವಾಗೆನರ್ ಕ್ರೀಡಾಂಗಣ. ಗೋವಿಂದ ನಿಂತಿದ್ದ ಹುಲ್ಲು ಅಲ್ಲಿ ಈಗಿಲ್ಲ, ನೀಲಿ ಟರ್ಫ್ ಇದೆ. ಅಲ್ಲಿ ಯಾವ ತಂಡಕ್ಕೆ ಸ್ಟ್ರೋಕ್ ಸಿಕ್ಕರೂ, ಹಳೆಯ ಚಾಳಿಯಂತೆ ನಾನು ಮೊದಲು ನೋಡುವುದು ಕೀಪರನ ಹಿಂದುಳಿದ ಕಾಲನ್ನು.