ಖರಗ್‌ಪುರದ ಸುತ್ತಲಿನ ಬಿ-29 ನೆಲೆಗಳು: ಪಿಯಾರ್ಡೋಬಾ, ಚಾಕುಲಿಯಾಗಳಿಗೆ ಹೊರಡುವವರಿಗೆ

ಎರಡನೇ ಮಹಾಯುದ್ಧದ ಪಾಳುಬಿದ್ದ ವಿಮಾನ ನೆಲೆಗಳನ್ನು ನೋಡಬೇಕೆಂಬ ಆಸೆಯುಳ್ಳವರು ವಿದೇಶಕ್ಕೆ ಹೋಗಬೇಕಾಗಿಲ್ಲ. ಅಮೆರಿಕದ ಬಿ-29 ಬಾಂಬರ್‌ಗಳು ಮೊಟ್ಟಮೊದಲ ಬಾರಿಗೆ ದಾಳಿಗೆ ಹೊರಟದ್ದು ನಮ್ಮ ದೇಶದ ನೆಲದಿಂದಲೇ. 1944ರ ಜೂನ್ 5ರಂದು ಪಶ್ಚಿಮ ಬಂಗಾಳದ ಖರಗ್‌ಪುರದ ಸುತ್ತಲಿನ ರನ್‌ವೇಗಳಿಂದ 98 ವಿಮಾನಗಳು ಬ್ಯಾಂಕಾಕ್‌ನ ರೈಲ್ವೆ ಯಾರ್ಡ್‌ಗಳ ಕಡೆಗೆ ಹಾರಿದವು. ಆ ರನ್‌ವೇಗಳಲ್ಲಿ ಕೆಲವನ್ನು ಇಂದಿಗೂ ಕಾಲ್ನಡಿಗೆಯಲ್ಲಿ ನೋಡಬಹುದು. ಆದರೆ ಪೂರ್ವಸಿದ್ಧತೆಯಿಲ್ಲದೆ ಹೋದವರಿಗೆ ಅಲ್ಲಿ ಕಾಣುವುದು ಬಿರುಕುಬಿಟ್ಟ ಕಾಂಕ್ರೀಟು ಮಾತ್ರ.

ಬೆಂಗಳೂರಿನಿಂದ ಹೌರಾಕ್ಕೆ ಹೋಗುವ ಹೆಚ್ಚಿನ ರೈಲುಗಳು ಖರಗ್‌ಪುರದಲ್ಲಿ ನಿಲ್ಲುವುದರಿಂದ ಅಲ್ಲೇ ಇಳಿದುಕೊಳ್ಳುವುದು ಸುಲಭ. ಎಲ್ಲ ನೆಲೆಗಳನ್ನೂ ನೋಡುತ್ತೇನೆಂದು ಹೊರಡಬೇಡಿ. ಕಲೈಕುಂಡ ಇಂದಿಗೂ ವಾಯುಪಡೆಯ ಸಕ್ರಿಯ ನೆಲೆ. ದೂಧ್‌ಕುಂಡಿಯು ವಾಯುಪಡೆಯ ಗುರಿ ಅಭ್ಯಾಸದ ಕ್ಷೇತ್ರವಾಗಿದ್ದು, ಅದರ ಹತ್ತಿರ ಸುಳಿಯುವುದೂ ಅಪಾಯಕರ. ಸಲುವಾದಲ್ಲಿ ಭದ್ರತಾ ಪಡೆಗಳ ಕೇಂದ್ರಗಳಿವೆ. ಇವುಗಳ ಬೇಲಿಯ ಬಳಿ ನಿಂತು ಚಿತ್ರ ತೆಗೆಯುವ ಯೋಚನೆಯನ್ನೇ ಬಿಡಬೇಕು, ಡ್ರೋನ್ ಅಂತೂ ಮನೆಯಲ್ಲೇ ಇರಲಿ. ಸಾಮಾನ್ಯ ಪ್ರವಾಸಿಗೆ ಉಳಿಯುವುದು ಬಿಷ್ಣುಪುರದ ದಾರಿಯಲ್ಲಿರುವ ಪಿಯಾರ್ಡೋಬಾ ಮತ್ತು ಜಾರ್ಖಂಡಿನ ಚಾಕುಲಿಯಾ.

ಆದರೆ ಇವೆರಡಕ್ಕೂ ಮೊದಲು ಖರಗ್‌ಪುರದ ಐಐಟಿ ಆವರಣದಲ್ಲಿರುವ ಹಿಜ್ಲಿ ಶಹೀದ್ ಭವನವನ್ನು ನೋಡಲೇಬೇಕೆಂಬುದು ನನ್ನ ಒತ್ತಾಯ. ಬ್ರಿಟಿಷರು ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಹಾಕುತ್ತಿದ್ದ ಬಂಧನ ಶಿಬಿರ ಅದು. 1931ರ ಸೆಪ್ಟೆಂಬರ್ 16ರಂದು ಪೊಲೀಸರು ನಿರಾಯುಧ ಬಂಧಿಗಳ ಮೇಲೆ ಗುಂಡು ಹಾರಿಸಿದಾಗ ಸಂತೋಷ್ ಕುಮಾರ್ ಮಿತ್ರ ಮತ್ತು ತಾರಕೇಶ್ವರ ಸೇನ್‌ಗುಪ್ತ ಅಲ್ಲಿಯೇ ಪ್ರಾಣ ಬಿಟ್ಟರು. ಯುದ್ಧಕಾಲದಲ್ಲಿ ಇದೇ ಕಟ್ಟಡ ಬಿ-29 ಪಡೆಯ, ಅಂದರೆ ಇಪ್ಪತ್ತನೇ ಬಾಂಬರ್ ಕಮಾಂಡಿನ ಕೇಂದ್ರ ಕಚೇರಿಯಾಯಿತು. 1951ರಲ್ಲಿ ದೇಶದ ಮೊದಲ ಐಐಟಿ ಇಲ್ಲಿಯೇ ಆರಂಭವಾಯಿತು. ಈಗ ಒಳಗೆ ನೆಹರು ವಿಜ್ಞಾನ ಮತ್ತು ತಂತ್ರಜ್ಞಾನ ವಸ್ತುಸಂಗ್ರಹಾಲಯವಿದೆ. ಗೇಟಿನಲ್ಲಿ ತೋರಿಸಲು ಗುರುತಿನ ಚೀಟಿ ಜೊತೆಗಿರಲಿ, ಸಂಗ್ರಹಾಲಯದ ವೇಳೆಯನ್ನು ಮೊದಲೇ ವಿಚಾರಿಸಿಕೊಳ್ಳಿ.

ಪಿಯಾರ್ಡೋಬಾಕ್ಕೆ ಖರಗ್‌ಪುರ–ಆದ್ರಾ ಮಾರ್ಗದ ರೈಲು ಹಿಡಿಯಬೇಕು. ಮೇದಿನಿಪುರ ದಾಟಿದ ಮೇಲೆ ಸಿಗುವ ಸಾಲ್ಬೊನಿಯಲ್ಲಿ ನಮ್ಮ ಮೈಸೂರಿನಲ್ಲಿರುವಂಥದೇ ನೋಟು ಮುದ್ರಣಾಲಯವಿದೆ. ಯುದ್ಧಕಾಲದ ಇನ್ನೊಂದು ವಿಮಾನ ನೆಲೆ ಇದ್ದದ್ದೂ ಆ ಊರಿನಲ್ಲಿಯೇ. ಗಢಬೇತಾ ದಾಟಿದ ಬಳಿಕ ಬರುವ ಪಿಯಾರ್ಡೋಬಾ ಚಿಕ್ಕ ನಿಲ್ದಾಣ. ಎಕ್ಸ್‌ಪ್ರೆಸ್‌ಗಳನ್ನು ನಂಬದೆ ಪ್ಯಾಸೆಂಜರ್ ರೈಲಿನ ವೇಳೆ ನೋಡಿಕೊಂಡು ಹೊರಡಬೇಕು. ಇದಕ್ಕಿಂತ ಅನುಕೂಲದ ಹಾದಿಯೆಂದರೆ ಬಿಷ್ಣುಪುರದಲ್ಲಿ ತಂಗಿ, ಅಲ್ಲಿಂದ ಕಾರು ಮಾಡಿಕೊಂಡು ಬೆಳಿಗ್ಗೆ ಬೇಗ ಬರುವುದು. ಮಲ್ಲ ಅರಸರ ಸುಟ್ಟಮಣ್ಣಿನ ದೇವಾಲಯಗಳಿಂದಾಗಿ ಬಿಷ್ಣುಪುರದಲ್ಲಿ ವಸತಿಗೃಹಗಳಿಗೆ ಕೊರತೆಯಿಲ್ಲ.

ಸಾಲ್ ಮರಗಳ ಕಾಡು, ನಮ್ಮ ಕರಾವಳಿಯ ಮುರಕಲ್ಲಿನ ಗುಡ್ಡೆಗಳಂತೆ ಕೆಂಪಾದ ನೆಲ, ಅದರ ನಡುವೆ ಒಮ್ಮೆಲೇ ತೆರೆದುಕೊಳ್ಳುವ ಉದ್ದನೆಯ ಬಯಲು. ಈ ನೆಲೆಗಳನ್ನು ಮೊದಲು ಚಿಕ್ಕ ಬಾಂಬರ್‌ಗಳಿಗೆಂದು ಕಟ್ಟಲಾಗಿತ್ತು. ತುಂಬು ಭಾರದಲ್ಲಿ ಸುಮಾರು 60 ಟನ್ ತೂಗುವ, ರೆಕ್ಕೆಯ ತುದಿಯಿಂದ ತುದಿಗೆ 43 ಮೀಟರ್ ಇರುವ ಬಿ-29ಗಾಗಿ ರನ್‌ವೇಗಳನ್ನು 7,500 ಅಡಿಗೆ ಬೆಳೆಸಿದರು. ಎಂದರೆ ಒಂದು ತುದಿಯಿಂದ ಇನ್ನೊಂದಕ್ಕೆ ಎರಡೂಕಾಲು ಕಿಲೋಮೀಟರಿಗೂ ಹೆಚ್ಚು ನಡಿಗೆ, ಅದೂ ನೆರಳಿಲ್ಲದ ಹಾದಿಯಲ್ಲಿ. ಅರ್ಧಕ್ಕೇ ಹಿಂದಿರುಗದೆ ಪೂರ್ತಿ ನಡೆಯಿರಿ. ಅಮೆರಿಕದ ಎಂಜಿನಿಯರ್ ತುಕಡಿಗಳ ಜೊತೆಯಲ್ಲಿ ಇದಕ್ಕಾಗಿ ದುಡಿದವರು ಸಾವಿರಾರು ಭಾರತೀಯ ಕೂಲಿಗಳು. 1942ರ ಅಕ್ಟೋಬರಿನ ಚಂಡಮಾರುತ ಮೇದಿನಿಪುರವನ್ನು ನುಚ್ಚುನೂರು ಮಾಡಿತ್ತು, ಮರುವರ್ಷ ಕ್ಷಾಮ ಬಂಗಾಳವನ್ನೇ ನುಂಗಿತ್ತು. ಅದರ ಬೆನ್ನಿಗೇ ನಡೆದ ಕೆಲಸವಿದು. ವಿಮಾನಗಳ ಹೆಸರು, ಪೈಲಟ್‌ಗಳ ಹೆಸರು ಪುಸ್ತಕಗಳಲ್ಲಿ ಸಿಗುತ್ತವೆ, ಈ ಕೂಲಿಗಳ ಹೆಸರು ಎಲ್ಲಿಯೂ ಸಿಗುವುದಿಲ್ಲವೆಂಬುದು ನನ್ನನ್ನು ಬಹಳ ಕಾಡಿತು.

ನವೆಂಬರಿನಿಂದ ಫೆಬ್ರವರಿಯೊಳಗೆ ಹೋಗುವುದು ಲೇಸು. ಇಲ್ಲಿನ ಬೇಸಿಗೆ ಎಂಥದೆಂದರೆ, ಬಿ-29ರ, ರೈಟ್ ಕಂಪನಿಯ ಎಂಜಿನ್‌ಗಳು ಮಿತಿಮೀರಿ ಕಾದು ಬೆಂಕಿ ಹೊತ್ತಿಕೊಳ್ಳುತ್ತಿದ್ದ ತೊಂದರೆ ಇಲ್ಲಿ ಇನ್ನಷ್ಟು ಬಿಗಡಾಯಿಸಿತ್ತು. ಕುಡಿಯುವ ನೀರು, ಊಟ ಜೊತೆಗಿರಲಿ. ಹುಲ್ಲಿನಲ್ಲಿ ಹಾವಿನ ಭಯವಿರುವುದರಿಂದ ಗಟ್ಟಿ ಬೂಟು ಬೇಕು. ಬಾಂಕುಡಾ ಜಿಲ್ಲೆಯ ಈ ಕಾಡುಗಳಿಗೆ ದಲ್ಮಾ ಬೆಟ್ಟಗಳ ಕಡೆಯಿಂದ ಆನೆಗಳ ಹಿಂಡು ಬರುತ್ತದೆ. ಭತ್ತದ ಕೊಯ್ಲಿನ ಕಾಲದಲ್ಲಂತೂ ಊರಿನವರನ್ನು ವಿಚಾರಿಸದೆ ಕಾಡಿನತ್ತ ಕಾಲಿಡಬಾರದು, ಸಂಜೆಯ ಮೊದಲೇ ಹೊರಬಂದುಬಿಡಬೇಕು.

ಚಾಕುಲಿಯಾ ಸುಲಭದ ಜಾಗ. ಖರಗ್‌ಪುರ–ಟಾಟಾನಗರ ಮಾರ್ಗದ ರೈಲಿನಲ್ಲಿ ಝಾಡ್‌ಗ್ರಾಮದ ನಂತರ ಇಳಿದರೆ ರನ್‌ವೇ ಊರಿಗೆ ಹತ್ತಿರದಲ್ಲಿದೆ. 1944ರ ಏಪ್ರಿಲ್ 2ರಂದು ಭಾರತಕ್ಕೆ ಬಂದ ಮೊದಲ ಬಿ-29 ಇಳಿದದ್ದು ಇಲ್ಲಿ. ಇಲ್ಲಿಂದ ಹೊರಟ ವಿಮಾನಗಳು ಹಿಮಾಲಯ ದಾಟಿ ಚೀನಾದ ಚೆಂಗ್ಡು ಬಳಿಯ ನೆಲೆಗಳಲ್ಲಿ ಇಳಿದು, ಅಲ್ಲಿಂದ ಜಪಾನಿನತ್ತ ಹಾರಬೇಕಾಗಿತ್ತು. ಅದಕ್ಕೆ ಬೇಕಾದ ಪೆಟ್ರೋಲನ್ನೂ ಬಾಂಬುಗಳನ್ನೂ ಪರ್ವತದ ಮೇಲಿಂದ ವಿಮಾನಗಳಲ್ಲಿಯೇ ಸಾಗಿಸಬೇಕಾಗಿತ್ತು. ಈ ದುಬಾರಿ ವ್ಯವಸ್ಥೆ ಹೆಚ್ಚು ಕಾಲ ನಡೆಯಲಿಲ್ಲ. ಪೆಸಿಫಿಕ್ ಸಾಗರದ ಮರಿಯಾನಾ ದ್ವೀಪಗಳು ಅಮೆರಿಕದ ಕೈಸೇರಿದ ಮೇಲೆ, 1945ರ ಮೊದಲ ತಿಂಗಳುಗಳಲ್ಲಿ ಈ ಬಾಂಬರ್‌ಗಳು ಅಲ್ಲಿನ ಟಿನಿಯನ್ ದ್ವೀಪಕ್ಕೆ ಹೊರಟುಹೋದವು. ಬೆಂಗಳೂರಿನವರಿಗೆ ಇನ್ನೊಂದು ನಂಟೂ ಇದೆ: ಅದೇ ವರ್ಷಗಳಲ್ಲಿ ನಮ್ಮ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಅಮೆರಿಕದ ವಾಯುಪಡೆಯ ವಿಮಾನಗಳ ದುರಸ್ತಿ ಕೇಂದ್ರವಾಗಿತ್ತು.

ಬಳಕೆಯಲ್ಲಿಲ್ಲದಿದ್ದರೂ ಇವು ಸರ್ಕಾರಿ ಜಾಗಗಳು. ಒಳಹೋಗುವ ಮುನ್ನ ಸ್ಥಳೀಯ ಠಾಣೆಯಲ್ಲಿ ಒಂದು ಮಾತು ಕೇಳಿಕೊಂಡರೆ ನೆಮ್ಮದಿಯಾಗಿ ಓಡಾಡಬಹುದು. ಪಿಯಾರ್ಡೋಬಾ ಮತ್ತು ಚಾಕುಲಿಯಾ ಬೇರೆ ಬೇರೆ ರೈಲು ಮಾರ್ಗಗಳಲ್ಲಿರುವುದರಿಂದ ಎರಡನ್ನೂ ಒಂದೇ ದಿನಕ್ಕೆ ತುರುಕಬೇಡಿ. ಚಾಕುಲಿಯಾಕ್ಕೆ ಝಾಡ್‌ಗ್ರಾಮದಲ್ಲಿ ಉಳಿದುಕೊಂಡರೆ ಬೆಳಗಿನ ರೈಲಿಗೆ ಹೋಗಿ ಮಧ್ಯಾಹ್ನದೊಳಗೆ ಹಿಂದಿರುಗಲು ಅನುಕೂಲ.