ಬಿಳಿ ಕಣ್ಣು

ರಾತ್ರಿ ಪಾಳಿಯಲ್ಲಿದ್ದೆ. ಒಂಬತ್ತು ವರ್ಷದ ಹುಡುಗನನ್ನು ಅಪ್ಪ ಹೆಗಲ ಮೇಲೆ ಹೊತ್ತು ತಂದರು. ಸಂಜೆ ಆಡುವಾಗ ಗೆಳೆಯನ ಮೊಣಕೈ ಬಲಗಣ್ಣಿಗೆ ಬಡಿದಿತ್ತಂತೆ. ಆಮೇಲೆ ನಾಲ್ಕು ಸಲ ವಾಂತಿ.

ಟಾರ್ಚ್ ಹಿಡಿದು ನೋಡಿದೆ. ಪಾಪೆ ದುಂಡಗಿತ್ತು. ಅದು ಹನಿಯ ಹಾಗೆ ಒಂದು ಕಡೆ ಎಳೆದುಕೊಂಡಿದ್ದರೆ ಗುಡ್ಡೆಯೇ ಹರಿದಿರುವ ಭಯ. ಆಗ ರೆಪ್ಪೆಯನ್ನು ಒತ್ತಲೂಬಾರದು, ಔಷಧ ಬಿಡಲೂಬಾರದು. ಪಾಪೆಯ ಮುಂದೆ ರಕ್ತ ನಿಂತಿರಲಿಲ್ಲ. ಬೆರಳುಗಳನ್ನು ಸರಿಯಾಗಿ ಎಣಿಸಿದ. ಊತವಿಲ್ಲ, ಕೆಂಪಿಲ್ಲ. 'ಕಣ್ಣು ಸರಿಯಿದೆ' ಎಂದು ಬರೆದುಬಿಟ್ಟೆ.

ನಾಡಿ ಮಾತ್ರ 54. ವಾಂತಿ, ನಿಧಾನ ನಾಡಿ, ಮಂಕು ಮುಖ: ತಲೆಗೇ ಪೆಟ್ಟಾಗಿದೆ ಅಂದುಕೊಂಡೆ. ಮೆದುಳಿನ ಸಿಟಿ ಸ್ಕ್ಯಾನ್ ಮಾಡಿಸಿದೆ. ಅದರಲ್ಲಿ ಏನೂ ಇರಲಿಲ್ಲ.

ಬೇರೆ ರೋಗಿಗೆಂದು ಬಂದಿದ್ದ ಹಿರಿಯ ನೇತ್ರವೈದ್ಯೆ ಮಂಚದ ಅಂಚಿನಲ್ಲಿ ಕೂತರು. "ಪುಟ್ಟಾ, ತಲೆ ಆಡಿಸಬೇಡ, ಬರೀ ಪೆನ್ನು ನೋಡು." ಪೆನ್ನು ಮೇಲೇರಿತು. ಎಡಗಣ್ಣು ಹಿಂದೆಯೇ ಹೋಯಿತು; ಬಲಗಣ್ಣು ಅರ್ಧದಲ್ಲೇ ಸಿಕ್ಕಿಕೊಂಡಿತು. ಹುಡುಗ ಕಿರುಚಿ ಮತ್ತೆ ವಾಂತಿ ಮಾಡಿಕೊಂಡ. ಮಾನಿಟರ್ ನಾಡಿ 46 ತೋರಿಸಿತು.

"ಮೇಲೆ ನೋಡು ಅಂದಿದ್ದಿರಾ?" ಎಂದರು. ಅಂದಿರಲಿಲ್ಲ.

ದೊಡ್ಡವರಲ್ಲಿ ಕಣ್ಣುಗೂಡಿನ ತಳದ ಮೂಳೆ ಸಾಮಾನ್ಯವಾಗಿ ಚೂರಾಗುತ್ತದೆ. ಮಕ್ಕಳದು ಎಳೆಯ ಮೂಳೆ, ಬಾಗಿ ಬಿರಿಯುತ್ತದೆ, ಮರುಕ್ಷಣವೇ ಬಾಗಿಲಿನಂತೆ ಮುಚ್ಚಿಕೊಳ್ಳುತ್ತದೆ. ಆ ಸಂದಿಗೆ ಕಣ್ಣಿನ ಕೆಳಸ್ನಾಯು ಸಿಕ್ಕಿಬಿದ್ದರೆ, ಮೇಲೆ ನೋಡಿದಾಗಲೆಲ್ಲ ಅದು ಜಗ್ಗುತ್ತದೆ. ಆ ಎಳೆತದ ಸುದ್ದಿ ನರದ ಮೂಲಕ ಮಿದುಳಿಗೆ ಹೋಗಿ, ಅಲ್ಲಿಂದ ಹೃದಯವನ್ನೂ ಹೊಟ್ಟೆಯನ್ನೂ ಕೆಡಿಸುತ್ತದೆ. ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಕೆಂಪಾಗದ ಬಿಳಿ ಕಣ್ಣು ನೋಡಿ ಎಲ್ಲ ಮರೆತೆ.

ಕಣ್ಣುಗೂಡಿಗೆಂದೇ ಮತ್ತೊಮ್ಮೆ ಸಿಟಿ ತೆಗೆಸಿದಾಗ ಕಂಡದ್ದು ಕೂದಲಿನಷ್ಟು ಬಿರುಕು. ರಕ್ತ ಸಿಗದ ಸ್ನಾಯು ಸಾಯತೊಡಗುತ್ತದೆ, ಒಂದೆರಡು ದಿನಕ್ಕಿಂತ ಹೆಚ್ಚು ಕಾಯುವಂತಿಲ್ಲ. ಅರಿವಳಿಕೆ ಕೊಡಬೇಕಾದ್ದರಿಂದ ಹೊಟ್ಟೆಗೆ ಏನೂ ಕೊಡಬೇಡಿ ಅಂದರೆ, "ಎಲ್ಲಾ ಕಕ್ಕಿದಾನೆ, ಒಂದು ಗುಟುಕು ನೀರಾದ್ರೂ..." ಎಂದು ಅಪ್ಪ ಬೇಡಿಕೊಂಡರು. ತಪ್ಪು ನನ್ನದಾಗಿದ್ದರಿಂದ ಇಲ್ಲವೆನ್ನುವುದು ಇನ್ನೂ ಕಷ್ಟವಾಯಿತು.

ಬೆಳಿಗ್ಗೆ ಶಸ್ತ್ರಚಿಕಿತ್ಸೆ. ಮೂಲೆಯಲ್ಲಿ ನಿಂತಿದ್ದೆ. ಸ್ನಾಯು ಬಿಡಿಸಿಕೊಂಡ ಹೊತ್ತಿಗೆ ಮಾನಿಟರಿನ ಟಿಕ್ ಟಿಕ್ ಚುರುಕಾಯಿತು. ತಲೆಯೆತ್ತದೆಯೇ ಎಲ್ಲರಿಗೂ ತಿಳಿಯಿತು.

ಎರಡು ತಿಂಗಳ ನಂತರ ಬಂದವನು ನಾನು ಪೆನ್ನು ತೆಗೆಯುವ ಮೊದಲೇ ಚಾವಣಿಯ ಫ್ಯಾನ್ ಕಡೆ ಕಣ್ಣೆತ್ತಿದ. "ಈಗ ಒಂದೇ ಕಾಣ್ಸುತ್ತೆ ಡಾಕ್ಟ್ರೇ. ತುಂಬಾ ಮೇಲೆ ನೋಡಿದ್ರೆ ಮಾತ್ರ ಎರಡು."